ಹಾರ್ಟ್ ಅಟ್ಯಾಕ್ ಆದವರಿಗೆ ಕಾಲಿನ ರಕ್ತನಾಳವೂ ಕಟ್ಟಿಕೊಂಡಿದ್ದರೆ?

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮ ತಂದೆಗೆ 64 ವರ್ಷ. ಯುಗಾದಿ ಕಳೆದ ಮೇಲೆ ಹಾರ್ಟ್ ಅಟ್ಯಾಕ್ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಶುಗರ್ ಮೊದಲಿಂದಲೂ ಇದೆ, ಬೀಡಿ ಇನ್ನೂ ಪೂರ್ತಿ ಬಿಟ್ಟಿಲ್ಲ. ದಿನಾ ವಾಕಿಂಗ್ ಮಾಡಿ ಅಂದಿದ್ದಾರೆ. ಆದರೆ ಹಾಲಿನ ಡೈರಿ ಮುಟ್ಟುವಷ್ಟರಲ್ಲಿ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ, ಎರಡು ನಿಮಿಷ ನಿಂತರೆ ಸರಿಹೋಗುತ್ತೆ. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು, ಕಾಲಿನ ರಕ್ತನಾಳ ಕಿರಿದಾಗಿದೆ, ಎಬಿಐ 0.68 ಅಂತ ಬಂದಿದೆ. ಎದೆನೋವಂತೂ ಇಲ್ಲ. ವಯಸ್ಸಾಯ್ತು ಅಂತ ಬಿಡಬಹುದಾ?

ಹೃದ್ರೋಗ ತಜ್ಞೆ: ದಯವಿಟ್ಟು ಬಿಡಬೇಡಿ. ಎಬಿಐ ಅಂದರೆ ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದರೆ ಬರುವ ಅಂಕಿ. 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ನಡೆದಾಗ ಹಿಡಿದು ನಿಂತಾಗ ಬಿಡುವ ನೋವು ಅದಕ್ಕೆ ಸರಿಯಾಗಿ ಹೊಂದುತ್ತದೆ.

ಹೃದಯದ ವಿಷಯಕ್ಕೆ ಬರೋಣ. ಪೆಗಾಸಸ್ ಎಂಬ ದೊಡ್ಡ ಅಧ್ಯಯನದಲ್ಲಿ, ಒಂದರಿಂದ ಮೂರು ವರ್ಷ ಹಿಂದೆ ಹಾರ್ಟ್ ಅಟ್ಯಾಕ್ ಆಗಿದ್ದ 21,000ಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಆಸ್ಪಿರಿನ್ ಜೊತೆ ರಕ್ತ ತೆಳು ಮಾಡುವ ಎರಡನೇ ಮಾತ್ರೆ ಸಿಗದ ಗುಂಪನ್ನು ನೋಡಿ: ಕಾಲಿನ ಕಾಯಿಲೆ ಇಲ್ಲದವರಲ್ಲಿ ಮೂರು ವರ್ಷದೊಳಗೆ ಹೃದಯದಿಂದ ಸಾವು, ಮತ್ತೊಂದು ಅಟ್ಯಾಕ್ ಅಥವಾ ಲಕ್ವ ಆದದ್ದು ಶೇ 8.4 ಮಂದಿಗೆ. ಕಾಲಿನ ಕಾಯಿಲೆ ಇದ್ದವರಲ್ಲಿ ಶೇ 19.3. ಶುಗರ್, ವಯಸ್ಸು ಮುಂತಾದವನ್ನು ಲೆಕ್ಕದಿಂದ ತೆಗೆದ ಮೇಲೂ ಅಪಾಯ ಒಂದೂವರೆ ಪಟ್ಟಿಗಿಂತ ಹೆಚ್ಚೇ ಉಳಿಯಿತು. ಕೊಬ್ಬು ಕಟ್ಟುವ ಕಾಯಿಲೆ ಒಂದು ಕಡೆ ನಿಂತಿಲ್ಲ, ಮೈಯೆಲ್ಲಾ ಹರಡಿದೆ ಎಂದು ಕಾಲು ಹೇಳುತ್ತಿದೆ. ಸ್ಟೆಂಟ್ ಸರಿಪಡಿಸಿದ್ದು ಆ ಒಂದು ಜಾಗವನ್ನು ಮಾತ್ರ.

ಹೆದರಿಸಲು ಹೇಳುತ್ತಿಲ್ಲ. ಅಪಾಯ ಹೆಚ್ಚಿದ್ದವರಿಗೆ ಔಷಧಿಯ ಲಾಭವೂ ಹೆಚ್ಚು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಪೂರ್ತಿ ಡೋಸ್ ಇರಲಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 55ಕ್ಕಿಂತ ಕೆಳಗೆ ಬರಬೇಕು. ಬರದಿದ್ದರೆ ಎಜೆಟಿಮೈಬ್ ಎಂಬ ಇನ್ನೊಂದು ಮಾತ್ರೆ ಸೇರಿಸುತ್ತೇವೆ. ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನು ವರ್ಷ ಮುಗಿದ ಕೂಡಲೇ ಒಂದಕ್ಕೆ ಇಳಿಸಬೇಕೇ, ಇಲ್ಲಾ ಆಸ್ಪಿರಿನ್ ಜೊತೆ 2.5 ಮಿ.ಗ್ರಾಂ ರಿವರಾಕ್ಸಬಾನ್ ದಿನಕ್ಕೆರಡು ಸಲ ಕೊಡಬೇಕೇ ಎಂಬುದನ್ನು ನಿಮ್ಮ ಡಾಕ್ಟರ್ ಬಳಿ ಕೇಳಿ. ರಕ್ತಸ್ರಾವದ ಭಯ ಎಷ್ಟಿದೆ ನೋಡಿಯೇ ನಿರ್ಧಾರ, ನೀವಾಗಿ ಶುರು ಮಾಡಬೇಡಿ, ನಿಲ್ಲಿಸಲೂ ಬೇಡಿ. ಆ ಡಾಪ್ಲರ್ ರಿಪೋರ್ಟ್ ಹೃದಯದ ಫೈಲಿನೊಳಗೇ ಇರಲಿ. ಎಷ್ಟೋ ಸಲ ಅದು ಬೇರೆ ಡಾಕ್ಟರ ಚೀಟಿಯ ಜೊತೆ ಬೀರುವಿನಲ್ಲೇ ಉಳಿದಿರುತ್ತದೆ, ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಬೀಡಿ ಮಾತ್ರ ಇವತ್ತೇ ನಿಲ್ಲಲಿ. ‘ದಿನಕ್ಕೆ ಎರಡೇ’ ಎಂಬ ರಾಜಿ ಬೇಡ. ನಿಕೋಟಿನ್ ಗಮ್, ಮಾತ್ರೆ ಎರಡೂ ಇವೆ, ಕೇಳಿ ಪಡೆಯಿರಿ.

ಪ್ರಶ್ನೆ (ಅವರೇ): ತುಂಬಾ ಥ್ಯಾಂಕ್ಸ್ ಮೇಡಂ. ಹಾಗಾದರೆ ವಾಕಿಂಗ್ ನಿಲ್ಲಿಸಬೇಕಾ? ನೋವಿಗೆ ಸಿಲೋಸ್ಟಜೋಲ್ ಒಳ್ಳೇದು ಅಂತ ಮೆಡಿಕಲ್ ಶಾಪಿನವರು ಹೇಳಿದರು.

ಹೃದ್ರೋಗ ತಜ್ಞೆ: ವಾಕಿಂಗೇ ಮದ್ದು. ಎಕೋ (ಹೃದಯದ ಸ್ಕ್ಯಾನ್) ನೋಡಿ ನಿಮ್ಮ ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೆ, ನೋವು ಜೋರಾಗುವ ತನಕ ನಡೆಯಲಿ, ನಿಲ್ಲಲಿ, ನೋವು ಹೋದ ಮೇಲೆ ಮತ್ತೆ ನಡೆಯಲಿ. ಹೀಗೆ ಅರ್ಧ ಗಂಟೆ, ವಾರಕ್ಕೆ ಕನಿಷ್ಠ ಮೂರು ದಿನ, ಮೂರು ತಿಂಗಳು. ನಡೆಯುವ ದೂರ ನಿಧಾನವಾಗಿ ಹೆಚ್ಚುತ್ತದೆ. ನಡೆಯುವಾಗ ಎದೆ ಹಿಡಿದರೆ ಅಥವಾ ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಬನ್ನಿ. ಸಿಲೋಸ್ಟಜೋಲ್ ಅನ್ನು ಅಂಗಡಿಯಿಂದ ತರಬೇಡಿ. ಹೃದಯದ ಪಂಪಿಂಗ್ ಕಡಿಮೆಯಾಗಿ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದನ್ನು ಕೊಡಲೇಬಾರದು. ಇನ್ನೊಂದು, ಕಾಲು ತಣ್ಣಗಾಗುತ್ತೆ ಅಂತ ಹೃದಯದ ಬಡಿತ ನಿಧಾನಿಸುವ ಬೀಟಾ ಬ್ಲಾಕರ್ ಮಾತ್ರೆ ನಿಲ್ಲಿಸುವವರಿದ್ದಾರೆ. ಕಾಲಿನ ಕಾಯಿಲೆ ಇದ್ದ ಮಾತ್ರಕ್ಕೆ ಅದನ್ನು ನಿಲ್ಲಿಸಬೇಕಿಲ್ಲ.

ಇನ್ನೊಬ್ಬ ಸದಸ್ಯೆ: ಡಾಕ್ಟ್ರೇ, ನಮ್ಮ ಅತ್ತೆಗೂ ಅಟ್ಯಾಕ್ ಆಗಿತ್ತು, ಶುಗರ್ ಇದೆ. ಕಾಲು ನೋವೇ ಇಲ್ಲ, ಎಬಿಐ 1.45 ಬಂದಿದೆ. ನಿಶ್ಚಿಂತೆ ತಾನೆ?

ಹೃದ್ರೋಗ ತಜ್ಞೆ: ಇಲ್ಲಮ್ಮ. 1.40 ದಾಟಿದರೆ ರಕ್ತನಾಳದ ಗೋಡೆ ಸುಣ್ಣಗಟ್ಟಿ ಗಟ್ಟಿಯಾಗಿದೆ, ಬಿಪಿ ಪಟ್ಟಿ ಬಿಗಿದರೂ ಅದುಮಿಕೊಳ್ಳುತ್ತಿಲ್ಲ ಎಂದರ್ಥ. ಅಂಕಿ ಸುಳ್ಳು ಹೇಳಬಹುದು. ಕಾಲ್ಬೆರಳಿನ ಬಿಪಿ ಅಳೆಸಿ. ಶುಗರ್‌ನಿಂದ ನರ ಮಂದವಾದಾಗ ನೋವೂ ಗೊತ್ತಾಗುವುದಿಲ್ಲ, ಆದ್ದರಿಂದ ರಾತ್ರಿ ಬೆರಳ ಸಂದು, ಹಿಮ್ಮಡಿ ನೋಡಿ. ಹುಣ್ಣು ಒಣಗದಿದ್ದರೆ ತಡಮಾಡಬೇಡಿ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಮರಗಟ್ಟಿದರೆ ಅದು ಗಂಟೆಗಳ ಲೆಕ್ಕ. ಆಗ ಮನೆಯಲ್ಲಿ ಎಣ್ಣೆ ತಿಕ್ಕುತ್ತಾ, ಬಿಸಿನೀರಿಡುತ್ತಾ ಕೂರದೆ ನೇರ ರಕ್ತನಾಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ಕರೆದೊಯ್ಯಿರಿ.