ಗೈಡ್ ಕರ್ವ್ ಹಾಕಿ ವಾಲ್ಯೂಟ್ ಸರ್ಫೇಸ್: ನೀವು ಹೇಗೆ ಮಾಡಿದಿರಿ?

ಉದ್ಯಮಬಾಗ ಪ್ಯಾಟರ್ನ್:
ಎಲ್ಲರಿಗೂ ನಮಸ್ಕಾರ. ಪಂಪ್ ವಾಲ್ಯೂಟ್ ಕೇಸಿಂಗ್‌ಗೆ (ಸುರುಳಿಯಾಕಾರದ ಹೊರ ಕವಚ) ಪ್ಯಾಟರ್ನ್ (ಎರಕದ ಅಚ್ಚು ತೆಗೆಯುವ ಮಾದರಿ), ಕೋರ್ ಬಾಕ್ಸ್ (ಒಳಗಿನ ಟೊಳ್ಳಿಗೆ ಮರಳಿನ ಕೋರ್ ಮಾಡುವ ಪೆಟ್ಟಿಗೆ) ಎರಡೂ ಮಾಡಬೇಕು. ಡ್ರಾಯಿಂಗ್‌ನಲ್ಲಿ 45 ಡಿಗ್ರಿಗೊಂದರಂತೆ 8 ಸೆಕ್ಷನ್ ಕೊಟ್ಟಿದ್ದಾರೆ. ಸಾಲಿಡ್‌ವರ್ಕ್ಸ್‌ನಲ್ಲಿ ಬರೀ ಲಾಫ್ಟ್ (ಸೆಕ್ಷನ್‌ಗಳನ್ನು ಜೋಡಿಸಿ ಸರ್ಫೇಸ್ ಮಾಡುವುದು) ಹಾಕಿದರೆ ಸೆಕ್ಷನ್‌ಗಳ ನಡುವೆ ಹೊಟ್ಟೆ ಬರುತ್ತದೆ. ಗೈಡ್ ಕರ್ವ್ (ಸೆಕ್ಷನ್‌ಗಳ ಉದ್ದಕ್ಕೆ ದಾರಿ ತೋರುವ ಗೆರೆ) ಕೊಟ್ಟರೆ ಟಂಗ್ (ಸುರುಳಿ ಮತ್ತು ನೀರು ಹೊರಹೋಗುವ ಡಿಸ್ಚಾರ್ಜ್ ಕೂಡುವ ನಾಲಿಗೆಯಂಥ ತುದಿ) ಹತ್ತಿರ ಸುಕ್ಕು. ಬೌಂಡರಿ ಸರ್ಫೇಸ್‌ಗೆ ಹೋಗಬೇಕಾ, ಬೇರೆ ಸಾಫ್ಟ್‌ವೇರ್ ತಗೊಳ್ಳಬೇಕಾ? ಮಾಡಿದವರು ಅನುಭವ ಹೇಳಿ.

ಮಚ್ಛೆ ಮೋಲ್ಡ್:
ಸಾಫ್ಟ್‌ವೇರ್ ಬದಲಿಸಿದವನು ನಾನು. ಯಾಕೆ ಅಂತ ಪೂರ್ತಿ ಹೇಳುತ್ತೇನೆ.

ಇಂಪೆಲರ್ (ಪಂಪ್ ಒಳಗೆ ತಿರುಗುವ ಚಕ್ರ) ಪ್ಯಾಟರ್ನ್ ಕೆಲಸ ಬಂದಿತ್ತು. ಅದರ ರೆಕ್ಕೆಗಳ, ಅಂದರೆ ವೇನ್ ಸೆಕ್ಷನ್‌ಗಳು ಪಾರ್ಟಿಯ ಡಿಸೈನ್ ಆಫೀಸಿನಿಂದಲೇ ಬಂದವು. ಆರ್ಕ್, ಗೆರೆ, ಮತ್ತೆ ಆರ್ಕ್. ಅದರ ಮೇಲೆ ಲಾಫ್ಟ್ ಹಾಕಿದರೆ ಒಂದೇ ಮುಖ ಬರುವುದಿಲ್ಲ. ಆರ್ಕ್‌ಗೊಂದು, ಗೆರೆಗೊಂದು ಅಂತ ಪಟ್ಟಿ ಪಟ್ಟಿಯಾಗಿ ಬರುತ್ತದೆ. ಟ್ಯಾಂಜೆಂಟ್ (ದಿಕ್ಕು) ಕೂಡುತ್ತದೆ, ಕರ್ವೇಚರ್ (ಬಾಗಿನ ಪ್ರಮಾಣ) ಕೂಡುವುದಿಲ್ಲ. ಮಾನಿಟರ್‌ನಲ್ಲಿ ನುಣುಪಾಗಿಯೇ ಕಾಣುತ್ತದೆ. ಪಾರ್ಟಿಯವರು ಮಾಡೆಲ್ ನೋಡಿ ಓಕೆ ಅಂದರು.

ಅಲ್ಯೂಮಿನಿಯಂ ಬ್ಲಾಕ್‌ಗೆ 14,000. ವಿಎಂಸಿ (ಕಂಪ್ಯೂಟರ್ ಮಿಲ್ಲಿಂಗ್ ಮಷೀನ್) ಗಂಟೆಗೆ 650. ಫಿನಿಶಿಂಗ್‌ಗೆ 6 ಎಂಎಂ ಬಾಲ್‌ನೋಸ್ (ದುಂಡು ತುದಿಯ ಕಟರ್), ಅದೊಂದಕ್ಕೆ 1,800, ಅದೂ ಮುರಿಯಿತು. ಪಾಲಿಶ್ ಆದ ಮೇಲೆ ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಬೆಳಕಿನ ಗೆರೆ ಪ್ರತಿ ಜೋಡಣೆಯಲ್ಲೂ ಮುರಿಯುತ್ತಿತ್ತು. ಓಕೆ ಅಂದ ಅದೇ ಪಾರ್ಟಿ ವಾಪಸ್ ಕಳಿಸಿದರು. ಲಾರಿ ಬಾಡಿಗೆ 2,200 ಕೂಡ ನನ್ನ ತಲೆಗೆ. ಆ ಬಿಲ್ ಇನ್ನೂ ಇಟ್ಟುಕೊಂಡಿದ್ದೇನೆ.

ಆಮೇಲೆ ರೈನೋ ಅನ್ನುವ ಸರ್ಫೇಸ್ ಸಾಫ್ಟ್‌ವೇರ್ ತಗೊಂಡೆ. ಒಮ್ಮೆ ದುಡ್ಡು ಕೊಟ್ಟರೆ ಆಯಿತು, ವರ್ಷ ವರ್ಷ ಕಟ್ಟುವುದಿಲ್ಲ. ಸೆಕ್ಷನ್ ಎಲ್ಲಾ ರೀಬಿಲ್ಡ್ ಮಾಡಿ ಒಂದೇ ಡಿಗ್ರಿಗೆ (ಕೋನವಲ್ಲ, ಕರ್ವ್ ಸಮೀಕರಣದ ಘಾತ), ಸಮ ಕಂಟ್ರೋಲ್ ಪಾಯಿಂಟ್‌ಗೆ ತಂದೆ. ನೆಟ್‌ವರ್ಕ್ ಸರ್ಫೇಸ್ ಹಾಕಿದೆ. ನುಣುಪು ನೋಡಲು ಮಾಡೆಲ್ ಮೇಲೆ ಹಾಕುವ ಜೀಬ್ರಾ ಪಟ್ಟೆ ಎಲ್ಲೂ ಕಡಿಯಲಿಲ್ಲ. ಅದೇ ಪಾರ್ಟಿ ಈಗ ಇಂಪೆಲರ್ ಕೆಲಸವೆಲ್ಲ ನನಗೇ ಕೊಡುತ್ತಾರೆ.

ಕಾಕತಿ ಕ್ಯಾಡ್:
ಮಚ್ಛೆ ಸರ್, ದುಡ್ಡು ಕೊಟ್ಟಿದ್ದಕ್ಕೆ ಸರ್ಫೇಸ್ ಬಂತು ಅನ್ನಬೇಡಿ. ರೀಬಿಲ್ಡ್ ಮಾಡಿದ್ದಕ್ಕೆ ಬಂತು. ಸಾಲಿಡ್‌ವರ್ಕ್ಸ್‌ನಲ್ಲೂ ಫಿಟ್ ಸ್ಪ್ಲೈನ್ ಇದೆ. ಆರ್ಕ್, ಗೆರೆ ಎಲ್ಲಾ ಸೇರಿಸಿ ಒಂದೇ ಸ್ಪ್ಲೈನ್ (ನುಣುಪಾದ ಒಂದೇ ಕರ್ವ್) ಮಾಡಿದ್ದರೆ ನಿಮ್ಮ ಬ್ಲಾಕ್ ಉಳಿಯುತ್ತಿತ್ತು.

ನನ್ನ ಕಥೆ ಬೇರೆ. ನಾನು ಬಳಸುತ್ತಿದ್ದ ಪ್ಯಾಕೇಜ್‌ನ ಏಜೆಂಟ್ ರಿನ್ಯೂವಲ್‌ಗೆ ಬಂದಾಗಲೆಲ್ಲ ರೇಟ್ ಏರಿಸಿದರು. ಕೊನೆಗೆ 96,000 ಕೇಳಿದರು, ಮೇಲೆ 18% ಜಿಎಸ್‌ಟಿ. ಒಬ್ಬನೇ ಕೂತು ಜಾಬ್ ವರ್ಕ್ ಮಾಡುವವನಿಗೆ ಇದು ಆಗುತ್ತದಾ? ಉಚಿತವಾಗಿ ಸಿಗುವ ಫ್ರೀಕ್ಯಾಡ್‌ಗೆ ಬಂದೆ. ಪಾರ್ಟ್ ಡಿಸೈನ್ ಲಾಫ್ಟ್‌ಗೆ ಗೈಡ್ ಕೊಡಲು ಬರುವುದಿಲ್ಲ, ಸರಿ. ಕರ್ವ್ಸ್ ವರ್ಕ್‌ಬೆಂಚ್ ಹಾಕಿಕೊಳ್ಳಿ, ಅದರಲ್ಲಿ ಗೋರ್ಡನ್ ಸರ್ಫೇಸ್ ಇದೆ. 1960ರ ದಶಕದಲ್ಲಿ ಜನರಲ್ ಮೋಟಾರ್ಸ್‌ನಲ್ಲಿದ್ದ ವಿಲಿಯಂ ಗೋರ್ಡನ್ ಕೊಟ್ಟ ಲೆಕ್ಕ ಅದು. ಅಡ್ಡ ಕರ್ವ್‌ಗಳ ಮೇಲೊಂದು ಲಾಫ್ಟ್, ಉದ್ದ ಕರ್ವ್‌ಗಳ ಮೇಲೊಂದು ಲಾಫ್ಟ್, ಎರಡನ್ನೂ ಕೂಡಿಸಿ. ಕರ್ವ್‌ಗಳು ದಾಟುವ ಬಿಂದುಗಳ ಮೇಲೆ ಹಾದುಹೋಗುವ ಇನ್ನೊಂದು ಸರ್ಫೇಸನ್ನು ಅದರಿಂದ ಕಳೆಯಿರಿ. ಉಳಿದದ್ದು ಎರಡೂ ದಿಕ್ಕಿನ ಕರ್ವ್‌ಗಳ ಮೇಲೆ ಸರಿಯಾಗಿ ಕೂರುತ್ತದೆ. ಅದಕ್ಕೇ ಕರ್ವ್‌ಗಳು ನಿಜವಾಗಿ ಒಂದನ್ನೊಂದು ಮುಟ್ಟಬೇಕು. ಕಣ್ಣಿಗೆ ಮುಟ್ಟಿದಂತೆ ಕಂಡರೆ ಸಾಲದು.

ಮಚ್ಛೆ ಮೋಲ್ಡ್:
ಉಪದೇಶ ಬೇಡ. ಬ್ಲಾಕ್ ನನ್ನದು ಹೋಗಿದ್ದು, ನಿಮ್ಮದಲ್ಲ. ಫ್ರೀ ಅಂತ ಕೂತರೆ ಫೈಲ್ ತೆರೆಯುವಾಗ ಮಾಡೆಲ್ ಒಡೆದಿರುತ್ತದೆ. ಆ ಟೈಮಿಗೆ ಬೆಲೆ ಇಲ್ವಾ?

ಕಾಕತಿ ಕ್ಯಾಡ್:
ಒಡೆದದ್ದು ಹಳೆಯ ವರ್ಷನ್‌ನಲ್ಲಿ. 2024ರ ನವೆಂಬರ್‌ನಲ್ಲಿ ಬಂದ 1.0 ಹಾಕಿ ನೋಡಿ ಮಾತಾಡಿ. ಫಿಲೆಟ್ (ಅಂಚನ್ನು ದುಂಡಗೆ ಮಾಡುವುದು) ಹಾಕಿದ ಮುಖದ ಹೆಸರು ಬದಲಾಗಿ ಎಲ್ಲಾ ಬೀಳುತ್ತಿದ್ದ ತೊಂದರೆಗೆ ಅದರಲ್ಲೇ ದೊಡ್ಡ ಕೆಲಸ ಆಗಿದೆ.

ಹಳೇ ಮಿಸ್ತ್ರಿ:
ತಮ್ಮಂದಿರಾ, ನಿಮ್ಮ ಜಗಳ ಓದಿ ಬರೆಯುತ್ತಿದ್ದೇನೆ. ನಾವು ಈ ವಾಲ್ಯೂಟ್‌ಗಳನ್ನು ಸಾಗವಾನಿಯಲ್ಲಿ ಮಾಡಿದವರು. ಸೆಕ್ಷನ್‌ಗೊಂದು ತಗಡಿನ ಟೆಂಪ್ಲೇಟ್ ಕತ್ತರಿಸಿ ನಿಲ್ಲಿಸುವುದು, ನಡುವಿನ ಕಟ್ಟಿಗೆ ಕೆತ್ತುವುದು, ಆಮೇಲೆ ಉದ್ದಕ್ಕೆ ತೆಳುವಾದ ಪಟ್ಟಿ ಬಾಗಿಸಿ ಇಟ್ಟು ನೋಡುವುದು. ಪಟ್ಟಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ಉಬ್ಬು, ಎಲ್ಲಿ ಕೆಳಗೆ ಸಂದು ಕಾಣುತ್ತದೋ ಅಲ್ಲಿ ತಗ್ಗು. ನಿಮ್ಮ ಗೈಡ್ ಕರ್ವ್ ಮಾಡುವ ಕೆಲಸ ಅದೇ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಕಾಗದದಷ್ಟು ಏರಿಳಿತವೂ ಗೊತ್ತಾಗುತ್ತದೆ.

ಒಬ್ಬ ಪಾರ್ಟಿ ನನ್ನ ರೇಟ್ ಜಾಸ್ತಿ ಅಂತ ಮಷೀನ್ ಪ್ಯಾಟರ್ನ್‌ಗೆ ಕೊಲ್ಲಾಪುರಕ್ಕೆ ಹೋದ. ನಾನು ಹೇಳಿದ್ದು 38,000. ಅದರಲ್ಲಿ ಕಟ್ಟಿಗೆಗೇ 11,000 ಹೋಗುತ್ತಿತ್ತು. ಅಲ್ಲಿ 31,000ಕ್ಕೆ ಆಯಿತು. ಕಾಸ್ಟಿಂಗ್ ಬಂತು, ಟಂಗ್ ಹತ್ತಿರ ದಪ್ಪ ಇಲ್ಲ, ಪ್ರೆಶರ್ ಟೆಸ್ಟ್‌ನಲ್ಲಿ ಸೋರಿತು. ಕರಗಿಸಿದ ಲೋಹ, ಮರಳು, ಮಷೀನಿಂಗ್ ಎಲ್ಲಾ ನೀರಿಗೆ. ಮತ್ತೆ ನನ್ನ ಬಾಗಿಲಿಗೇ ಬಂದ. 38,000ಕ್ಕೇ ಮಾಡಿಕೊಟ್ಟೆ, ಒಂದು ರೂಪಾಯಿ ಬಿಡಲಿಲ್ಲ.

ಕೊಲ್ಲಾಪುರ ರೋಡ್:
ಕಾಕಾ, ಕೊಲ್ಲಾಪುರದವರನ್ನು ಒಟ್ಟಿಗೆ ಬಯ್ಯಬೇಡಿ. ನನ್ನ ಪ್ಯಾಟರ್ನ್ ಎಲ್ಲಾ ಅಲ್ಲೇ ಆಗುತ್ತವೆ. ಹೇಳಿದ ದಿನಕ್ಕೆ ಕೊಡುತ್ತಾರೆ. ನಮ್ಮ ಬೆಳಗಾವಿಯಲ್ಲಿ ಅಡ್ವಾನ್ಸ್ ತಗೊಂಡು ಫೋನ್ ಎತ್ತದವರ ಬಗ್ಗೆಯೂ ಬರೆಯಿರಿ.

ಹಳೇ ಮಿಸ್ತ್ರಿ:
ನನ್ನ ಫೋನ್ ಯಾವತ್ತೂ ಬಂದ್ ಇಲ್ಲಪ್ಪ.

ಹತ್ತರಗಿ ಸರ್ಫೇಸ್:
ನಾನು ಕ್ಯಾಟಿಯಾ ಸಾಫ್ಟ್‌ವೇರ್‌ನಲ್ಲಿ ಟೂಲಿಂಗ್ ಮಾಡುವವಳು. ಮಲ್ಟಿ-ಸೆಕ್ಷನ್ಸ್ ಸರ್ಫೇಸ್ (ಅದರಲ್ಲಿನ ಲಾಫ್ಟ್) ಬಿಟ್ಟು ಬೇರೆ ದಾರಿ ಇಲ್ಲ ಅಂತ ಹಟ ಹಿಡಿದ ಟೀಮ್‌ನಲ್ಲಿ ನಾನೊಬ್ಬಳೇ ಬೇಡ ಅಂದವಳು. ಮೂರು ಬದಿಯ ಪ್ಯಾಚ್ ಇತ್ತು, ಒಂದು ತುದಿ ಬಿಂದುವಿಗೆ ಸೇರುತ್ತಿತ್ತು. ಸರ್ಫೇಸ್ ಬಂತು. 3 ಎಂಎಂ ಆಫ್‌ಸೆಟ್ ಕೊಟ್ಟ ಕೂಡಲೇ ಬಿತ್ತು. ಬಿಂದುವಿನಲ್ಲಿ ಎಲ್ಲಾ ಗೆರೆಗಳು ಬಂದು ಕೂಡಿದರೆ ನಾರ್ಮಲ್ (ಸರ್ಫೇಸ್‌ಗೆ ಲಂಬವಾದ ದಿಕ್ಕು) ಯಾವ ಕಡೆ ಅಂತ ಲೆಕ್ಕ ಸಿಗುವುದಿಲ್ಲ. ಆಮೇಲೆ ಕ್ಲೈಂಟ್ ಒಂದು ಸೆಕ್ಷನ್ ಬದಲಿಸಿದರು, ಆ ಸರ್ಫೇಸ್ ಮೇಲೆ ನಿಂತಿದ್ದ ಟ್ರಿಮ್, ಫಿಲೆಟ್, ಆಫ್‌ಸೆಟ್ ಎಲ್ಲಾ ಕೆಂಪಾದವು. ರಾತ್ರಿಯೆಲ್ಲ ಕೂತು ನಾಲ್ಕು ಬದಿಯ ದೊಡ್ಡ ಸರ್ಫೇಸ್ ಮಾಡಿ, ಬೇಕಾದಷ್ಟು ಟ್ರಿಮ್ ಮಾಡಿದ ಮೇಲೆಯೇ ನಿಂತಿತು. ಶಹಬ್ಬಾಸ್ ಸಿಕ್ಕಿದ್ದು ಟೀಮ್‌ಗೆ.

ವಾಲ್ಯೂಟ್ ಟಂಗ್ ಕೂಡ ಇದೇ ಜಾತಿ. ಲಾಫ್ಟನ್ನು ಟಂಗ್ ತುದಿಯವರೆಗೆ ಎಳೆಯಬೇಡಿ. ಸುರುಳಿ ಬೇರೆ, ಡಿಸ್ಚಾರ್ಜ್ ಬೇರೆ, ಎರಡನ್ನೂ ಸ್ವಲ್ಪ ಉದ್ದ ಬಿಟ್ಟು ಒಂದಕ್ಕೊಂದು ಟ್ರಿಮ್ ಮಾಡಿ, ಟಂಗ್ ರೇಡಿಯಸ್ ಕೊನೆಗೆ ಹಾಕಿ. ಗೈಡ್ ಜಾಸ್ತಿ ಕೊಟ್ಟಷ್ಟೂ ಸರ್ಫೇಸ್ ಅಲೆ ಅಲೆಯಾಗುತ್ತದೆ. ಹೊರ ಅಂಚಿಗೊಂದು, ಪಾರ್ಟಿಂಗ್ ಲೈನ್‌ಗೊಂದು ಸಾಕು. ಗೈಡ್ ಪ್ರತಿ ಸೆಕ್ಷನ್‌ನ ಮೇಲೆ ಸರಿಯಾಗಿ ಕೂರುವಂತೆ ಪಿಯರ್ಸ್ ರಿಲೇಶನ್ ಕೊಡಿ. ಸೆಕ್ಷನ್ ಏರಿಯಾ ಡಿಗ್ರಿಗೆ ತಕ್ಕಂತೆ ಸಮವಾಗಿ ಏರುತ್ತದಾ ಅಂತ ಗ್ರಾಫ್ ಹಾಕಿ ನೋಡಿ. ಹೆಚ್ಚಿನ ವಾಲ್ಯೂಟ್‌ಗಳಲ್ಲಿ ಅದು ಹೆಚ್ಚು ಕಡಿಮೆ ನೇರ ಗೆರೆ. ಒಂದು ಸೆಕ್ಷನ್ ಗೆರೆ ಬಿಟ್ಟು ಹೊರಗೆ ಬಿದ್ದಿದ್ದರೆ ಡ್ರಾಯಿಂಗ್‌ನ ಅಳತೆಯೇ ತಪ್ಪಿರಬಹುದು, ಪಾರ್ಟಿಯನ್ನು ಕೇಳಿ.

ಮಚ್ಛೆ ಮೋಲ್ಡ್:
ಮೇಡಂ, ನಿಮಗೆ ಕಂಪನಿ ಲೈಸೆನ್ಸ್ ಕೊಡುತ್ತದೆ. ನಾವು ಜೇಬಿನಿಂದ ಕೊಡುತ್ತೇವೆ.

ಹತ್ತರಗಿ ಸರ್ಫೇಸ್:
ಲೈಸೆನ್ಸ್ ಮಾತು ನಾನು ಎತ್ತಿಲ್ಲ. ಮೇಲೆ ಬರೆದದ್ದರಲ್ಲಿ ಸಾಲಿಡ್‌ವರ್ಕ್ಸ್‌ನಲ್ಲಿ ಆಗದ ಒಂದು ಕೆಲಸ ತೋರಿಸಿ.

ಹೊನಗಾ ಫೌಂಡ್ರಿ:
ಎಲ್ಲಾ ಸರಿ, ಶ್ರಿಂಕೇಜ್ (ಎರಕ ತಣ್ಣಗಾದಾಗ ಲೋಹ ಕುಗ್ಗುವುದು) ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ಸರ್ಫೇಸ್ ಮುಗಿದ ಮೇಲೆ ಒಮ್ಮೆ ಸ್ಕೇಲ್ ಮಾಡಿ, ಅಂದರೆ ಅಷ್ಟು ದೊಡ್ಡದು ಮಾಡಿ. ಬೂದು ಬೀಡಿಗೆ ಸುಮಾರು 1%. ಸೆಕ್ಷನ್ ಅಳತೆಯಲ್ಲೇ ಸೇರಿಸಲು ಹೋದರೆ ಮಷೀನಿಂಗ್ ಅಲೋವೆನ್ಸ್ (ಆಮೇಲೆ ಕಡಿದು ತೆಗೆಯಲು ಬಿಡುವ ಹೆಚ್ಚಿನ ದಪ್ಪ) ಜೊತೆ ಕಲಸಿ ಹೋಗುತ್ತದೆ. ನನ್ನ ಹತ್ತಿರ ಬಂದ ಒಂದು ಪ್ಯಾಟರ್ನ್‌ನಲ್ಲಿ ಫ್ಲೇಂಜ್‌ಗೆ ಅಲೋವೆನ್ಸ್ ಇತ್ತು, ಸುರುಳಿಗೆ ಶ್ರಿಂಕೇಜ್ ಇರಲಿಲ್ಲ. ಒಂದು ಹೀಟ್ (ಒಂದು ಸಲ ಕರಗಿಸಿ ಹೊಯ್ದದ್ದು) ಪೂರ್ತಿ ಸ್ಕ್ರ್ಯಾಪ್. ಕೋಕ್, ಕರೆಂಟ್, ಲೇಬರ್ ನಾನೇ ತುಂಬಿದೆ.

ಕೊಲ್ಲಾಪುರ ರೋಡ್:
ಕೋರ್ ಬಾಕ್ಸ್‌ಗೆ ಸ್ಕೇಲ್ ಬೇಡ. ಕೋರ್ ಮರಳು, ಅದು ಕುಗ್ಗುವುದಿಲ್ಲ.

ಹಳೇ ಮಿಸ್ತ್ರಿ:
ಯಾರಪ್ಪ ಹೇಳಿಕೊಟ್ಟರು ನಿನಗೆ? ಕುಗ್ಗುವುದು ಬೀಡು. ಒಳಗಿನ ಖಾಲಿ ಜಾಗವೂ ಅದರ ಜೊತೆ ಚಿಕ್ಕದಾಗುತ್ತದೆ. ಕೋರ್ ಬಾಕ್ಸ್ ದೊಡ್ಡದು ಮಾಡದಿದ್ದರೆ ಒಳ ಅಳತೆ ಕಡಿಮೆ ಬೀಳುತ್ತದೆ.

ಕೊಲ್ಲಾಪುರ ರೋಡ್:
ಗಟ್ಟಿ ಕೋರ್ ಇದ್ದರೆ ಒಳಗೆ ಕುಗ್ಗಲು ಬಿಡುವುದಿಲ್ಲ. ನಾನು ಅಳೆದು ನೋಡಿದ್ದೇನೆ.

ಹೊನಗಾ ಫೌಂಡ್ರಿ:
ತಡೆಯುತ್ತದೆ, ಆದರೆ ಪೂರ್ತಿ ನಿಲ್ಲಿಸುವುದಿಲ್ಲ. ಸ್ಕೇಲ್ ಸೊನ್ನೆ ಇಟ್ಟರೆ ಗೋಡೆ ದಪ್ಪ ತಪ್ಪುತ್ತದೆ. ಇಲ್ಲಿ ಮಿಸ್ತ್ರಿ ಕಾಕಾ ಹೇಳಿದ್ದೇ ಸರಿ.

ಉದ್ಯಮಬಾಗ ಪ್ಯಾಟರ್ನ್:
ಹತ್ತರಗಿ ಅಕ್ಕಾ, ಸುರುಳಿ, ಡಿಸ್ಚಾರ್ಜ್ ಬೇರೆ ಮಾಡಿದೆ. ಸುಕ್ಕು ಹೋಯಿತು. ಏರಿಯಾ ಗ್ರಾಫ್‌ನಲ್ಲಿ 225 ಡಿಗ್ರಿ ಸೆಕ್ಷನ್ ಗೆರೆಯಿಂದ ಕೆಳಗೆ ಬಿದ್ದಿದೆ. ಪಾರ್ಟಿಗೆ ಮೇಲ್ ಹಾಕಿದ್ದೇನೆ. ಕೋರ್ ಬಾಕ್ಸ್‌ಗೂ 1% ಹಾಕಲಾ?

ಹೊನಗಾ ಫೌಂಡ್ರಿ:
ಮೊದಲು ಡ್ರಾಯಿಂಗ್‌ನಲ್ಲಿ ಗ್ರೇಡ್ ಏನಿದೆ ನೋಡಿ. ಎಸ್‌ಜಿ (ಡಕ್ಟೈಲ್ ಬೀಡು) ಇದ್ದರೆ ಈ 1% ಹಿಡಿಯಬೇಡಿ. ಯಾವ ಫೌಂಡ್ರಿಯಲ್ಲಿ ಎರಕ ಹೊಯ್ಯುತ್ತಾರೋ ಅವರನ್ನೇ ಕೇಳಿ ಅಂಕಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬ್ಲಾಕ್ ಕತ್ತರಿಸಬೇಡಿ.