ಓಡುವ ಬೆಲ್ಟ್ ಮೇಲಿನ ಬಿಸಿ ಅಂಟು ಥರ್ಮಲ್ ಕ್ಯಾಮೆರಾದಲ್ಲಿ ಬಾಲ ಎಳೆಯುತ್ತಿದೆ, ಏನು ಮಾಡೋದು?

ಪ್ಯಾಕಿಂಗ್‌ಲೈನ್:
ಎಲ್ಲರಿಗೂ ನಮಸ್ಕಾರ. ರಟ್ಟಿನ ಪೆಟ್ಟಿಗೆ ಅಂಟಿಸುವ ಲೈನ್‌ನಲ್ಲಿ ಹಾಟ್‌ಮೆಲ್ಟ್ ಅಂಟು ಸರಿಯಾಗಿ ಬಿದ್ದಿದೆಯಾ ಅಂತ ಥರ್ಮಲ್ ಕ್ಯಾಮೆರಾದಿಂದ ನೋಡಬೇಕು. ಅಂಟು 30 ಮಿ.ಮೀ. ಉದ್ದದ ತುಂಡುಗಳಾಗಿ ಬೀಳುತ್ತದೆ, ನಡುವೆ 20 ಮಿ.ಮೀ. ಖಾಲಿ. ಬೆಲ್ಟ್ ವೇಗ ಸೆಕೆಂಡಿಗೆ 1.5 ಮೀಟರ್. ಕ್ಯಾಮೆರಾ ಕೂಲಿಂಗ್ ಇಲ್ಲದ್ದು, 320×240, 60 ಹರ್ಟ್ಜ್. ಬೆಲ್ಟ್ ಮೇಲಿನ 1 ಮಿ.ಮೀ. ಜಾಗ ಒಂದು ಪಿಕ್ಸೆಲ್‌ಗೆ ಬರುತ್ತದೆ.

ಬೆಲ್ಟ್ ನಿಂತಾಗ ಚಿತ್ರ ಚೊಕ್ಕವಾಗಿದೆ. ಓಡಿದರೆ ತುಂಡುಗಳೆಲ್ಲ ಕೂಡಿಕೊಂಡು ಒಂದೇ ಉದ್ದ ಪಟ್ಟೆ. ನಾಜಲ್ ಕಟ್ಟಿಕೊಂಡು ಒಂದು ತುಂಡು ಬೀಳದೇ ಹೋದರೂ ಆ ಜಾಗ ಪೂರ್ತಿ ತಣ್ಣಗೆ ಕಾಣೋದಿಲ್ಲ, ಮಬ್ಬಾಗಿ ಅರ್ಧ ಬಿಸಿ ಇದ್ದ ಹಾಗೆ ತೋರಿಸುತ್ತದೆ. ಮೆನುವಿನಲ್ಲಿ ಶಟರ್ ಸ್ಪೀಡ್ ಹುಡುಕಿದೆ, ಎಲ್ಲೂ ಇಲ್ಲ.

ತಿರುಗುಚಕ್ರ:
ಫ್ರೇಮ್ ರೇಟ್ ಜಾಸ್ತಿ ಇರುವ ಕ್ಯಾಮೆರಾ ತೊಗೊಳ್ಳಿ. ಇಲ್ಲಾಂದ್ರೆ ಸ್ಟ್ರೋಬ್ ಲೈಟ್ ಹಾಕಿ, ಮಾಮೂಲಿ ಕ್ಯಾಮೆರಾಗಳಲ್ಲಿ ಅದೇ ಅಲ್ವಾ ಮಾಡೋದು?

ಬಿಸಿಪಿಕ್ಸೆಲ್:
ಇಲ್ಲಿ ಎರಡೂ ನಡೆಯೋದಿಲ್ಲ. ಸ್ಟ್ರೋಬ್ ಕೆಲಸ ಮಾಡೋದು ಬೆಳಕು ನಾವು ಕೊಟ್ಟಾಗ. ಇಲ್ಲಿ ವಿಕಿರಣ ಅಂಟಿನಿಂದಲೇ ಹೊರಡುತ್ತದೆ, ಅದನ್ನು ಮಿನುಗಿಸೋಕೆ ಆಗುತ್ತಾ?

ಕೂಲಿಂಗ್ ಇಲ್ಲದ ಕ್ಯಾಮೆರಾದಲ್ಲಿರುವುದು ಮೈಕ್ರೋಬೋಲೋಮೀಟರ್. ಪ್ರತಿ ಪಿಕ್ಸೆಲ್ಲೂ ಸಣ್ಣ ಕಾಲುಗಳ ಮೇಲೆ ನಿಂತ ತೆಳು ಹಾಳೆ. ವಿಕಿರಣ ಬಿದ್ದರೆ ಅದು ನಿಜವಾಗಿಯೂ ಬಿಸಿಯಾಗುತ್ತದೆ, ಆಗ ಬದಲಾಗುವ ರೋಧವನ್ನು ಕ್ಯಾಮೆರಾ ಓದುತ್ತದೆ. ಒಲೆಯಿಂದ ಇಳಿಸಿದ ಪಾತ್ರೆ ಆ ಕ್ಷಣಕ್ಕೇ ತಣ್ಣಗಾಗೋದಿಲ್ಲವಲ್ಲ, ಇದೂ ಹಾಗೇ. ಈ ನಿಧಾನಕ್ಕೆ ಟೈಮ್ ಕಾನ್ಸ್ಟಂಟ್ ಅಂತಾರೆ, ಸಾಮಾನ್ಯವಾಗಿ 8ರಿಂದ 15 ಮಿಲಿಸೆಕೆಂಡ್. ಒಂದು ಟೈಮ್ ಕಾನ್ಸ್ಟಂಟ್‌ನಲ್ಲಿ ಪಿಕ್ಸೆಲ್ ಹೊಸ ಬೆಲೆಯ ಕಡೆಗೆ 63% ದೂರ ಹೋಗುತ್ತದೆ, 95% ಮುಟ್ಟೋಕೆ ಮೂರು ಬೇಕು. ಶಟರ್ ಸ್ಪೀಡ್ ಮೆನುವಿನಲ್ಲಿ ಇಲ್ಲದಿರೋದು ಅದಕ್ಕೇ. ಹಾಳೆಯ ದಪ್ಪ, ಕಾಲುಗಳ ಉದ್ದ ಎಲ್ಲ ಫ್ಯಾಕ್ಟರಿಯಲ್ಲೇ ತೀರ್ಮಾನವಾಗಿರುತ್ತದೆ. 60 ಹರ್ಟ್ಜ್ ಬದಲು 120 ಹರ್ಟ್ಜ್ ಓದಿದರೆ ಅದೇ ಬಾಲದ ಫೋಟೋ ಎರಡು ಪಟ್ಟು ಸಿಗುತ್ತದೆ, ಅಷ್ಟೆ.

ಆದರೆ ನೀವು ಹೇಳಿದ ಲಕ್ಷಣ ಬರೀ ಇದರಿಂದ ಬರೋದಲ್ಲ. ಟೈಮ್ ಕಾನ್ಸ್ಟಂಟ್ 12 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಬೆಲ್ಟ್ 18 ಮಿ.ಮೀ. ಓಡುತ್ತದೆ. ಒಂದು ತುಂಡು ಬೀಳದಿದ್ದರೆ 70 ಮಿ.ಮೀ. ಖಾಲಿ ಜಾಗ ಬರುತ್ತದೆ. ಅದರ ಕೊನೆ ಹೊತ್ತಿಗೆ ಸಿಗ್ನಲ್ ಸುಮಾರು 2%ಗೆ ಇಳಿದಿರಬೇಕು. ಅರ್ಧ ಬಿಸಿ ಕಾಣೋ ಮಾತೇ ಇಲ್ಲ. ನಾಯ್ಸ್ ರಿಡಕ್ಷನ್ ಆನ್ ಇದೆಯಾ ನೋಡಿ.

ಪ್ಯಾಕಿಂಗ್‌ಲೈನ್:
ಹೌದು, 'ಹೈ'ನಲ್ಲಿದೆ. ಕ್ಯಾಮೆರಾ ಬಂದಾಗಿನಿಂದ ಹಾಗೇ ಇದೆ.

ಬಿಸಿಪಿಕ್ಸೆಲ್:
ಮೊದಲು ಅದನ್ನು ಆಫ್ ಮಾಡಿ. ಅದು ಹಿಂದಿನ ಕೆಲವು ಫ್ರೇಮ್‌ಗಳನ್ನು ಈಗಿನದಕ್ಕೆ ಬೆರೆಸುತ್ತದೆ. ನಿಂತ ಗೋಡೆ ನೋಡೋಕೆ ಚೆನ್ನಾಗಿರುತ್ತದೆ. ನಿಮ್ಮ ಲೆಕ್ಕ ನೋಡಿ: 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್‌ಗೆ ಬೆಲ್ಟ್ 25 ಮಿ.ಮೀ. ಓಡುತ್ತದೆ. ಅಂಟು ಮತ್ತು ಖಾಲಿ ಸೇರಿ 50 ಮಿ.ಮೀ. ಅಂದರೆ ಹಿಂದಿನ ಫ್ರೇಮ್‌ನ ಅಂಟು ಸರಿಯಾಗಿ ಈಗಿನ ಖಾಲಿ ಜಾಗದ ಮೇಲೆ ಬಂದು ಕೂರುತ್ತದೆ. ಅದರ ಹಿಂದಿನ ಫ್ರೇಮ್ ಪೂರ್ತಿ ಒಂದು ಹೆಜ್ಜೆ ಸರಿದಿರುತ್ತದೆ. ಹಾಗಾಗಿ ಬೀಳದ ತುಂಡಿನ ಜಾಗದಲ್ಲಿ ಪಕ್ಕದ ತುಂಡಿನ ನೆರಳು ಬರುತ್ತದೆ. ಇದಕ್ಕಿಂತ ಕೆಟ್ಟ ಹೊಂದಾಣಿಕೆ ಬೇಕು ಅಂತ ಹುಡುಕಿದರೂ ಸಿಗೋದಿಲ್ಲ!

ಹಾಗೇ ಎಡ್ಜ್ ಎನ್‌ಹಾನ್ಸ್‌ಮೆಂಟ್, ಆಟೋ ಕಾಂಟ್ರಾಸ್ಟ್ ಕೂಡ ಆಫ್ ಮಾಡಿ. ಬಣ್ಣದ ವಿಡಿಯೋ ಬೇಡ, ಕಚ್ಚಾ 14 ಬಿಟ್ ಅಥವಾ 16 ಬಿಟ್ ಡೇಟಾ ತೊಗೊಳ್ಳಿ.

ಪ್ಯಾಕಿಂಗ್‌ಲೈನ್:
ಆಫ್ ಮಾಡಿದೆ. ಅಬ್ಬಾ, ತುಂಡುಗಳು ಬೇರೆ ಬೇರೆಯಾಗಿ ಕಾಣುತ್ತಿವೆ! ಒಂದು ನಾಜಲ್ ಬೇಕಂತಲೇ ಮುಚ್ಚಿ ನೋಡಿದೆ, ಆ ಜಾಗ ಕಪ್ಪಗೆ ಬಂತು. ಆದರೆ ಪ್ರತಿ ತುಂಡಿನ ಹಿಂದೆ ಇನ್ನೂ ಬಾಲ ಇದೆ. ಅರ್ಧಂಬರ್ಧ ಬಿದ್ದ ತುಂಡುಗಳನ್ನೂ ಹಿಡಿಯಬೇಕು. 10 ಮಿ.ಮೀ. ಮಾತ್ರ ಬಿದ್ದ ಅಂಟು ತಣ್ಣಗಿರುವ ಹಾಗೆ ತೋರಿಸುತ್ತಿದೆ, ಮುಟ್ಟಿದರೆ ಕೈ ಸುಡುತ್ತದೆ.

ಕೆಂಪಿನಾಚೆ:
ಲೆನ್ಸ್ ಬದಲಿಸಿ, ಅಗಲದ್ದು ಹಾಕಿ. ಬ್ಲರ್ ಕಮ್ಮಿ ಪಿಕ್ಸೆಲ್‌ಗೆ ಬರುತ್ತದೆ.

ಬಿಸಿಪಿಕ್ಸೆಲ್:
ಪಿಕ್ಸೆಲ್ ಲೆಕ್ಕದಲ್ಲಿ ಕಮ್ಮಿ ಕಾಣುತ್ತದೆ, ಬೆಲ್ಟ್ ಮೇಲಿನ ಲೆಕ್ಕದಲ್ಲಿ ಅದೇ 18 ಮಿ.ಮೀ. ಜೊತೆಗೆ ವಿವರ ಬೇರೆ ಹೋಗುತ್ತದೆ. ಏನೂ ಲಾಭ ಇಲ್ಲ.

10 ಮಿ.ಮೀ. ತುಂಡಿನ ವಿಷಯ ನಿಜಕ್ಕೂ ಮುಖ್ಯ. ಬ್ಲರ್ ಕಣ್ಣಿಗಾದರೂ ಕಾಣುತ್ತದೆ, ತಪ್ಪು ಉಷ್ಣತೆ ಕಾಣೋದಿಲ್ಲ. ಆ ತುಂಡು ಪಿಕ್ಸೆಲ್ ಮುಂದೆ ಇರುವುದು 7 ಮಿಲಿಸೆಕೆಂಡ್ ಕೂಡ ಇಲ್ಲ, ಅಷ್ಟರಲ್ಲಿ ಸಿಗ್ನಲ್ ಸುಮಾರು 43% ಮಾತ್ರ ಏರುತ್ತದೆ. 30 ಮಿ.ಮೀ. ತುಂಡು ಕೂಡ 81% ತನಕ ಹೋಗುತ್ತದೆ, ಪೂರ್ತಿ ಅಲ್ಲ. ಆದ್ದರಿಂದ ಸ್ಕ್ರೀನ್ ಮೇಲಿನ ಡಿಗ್ರಿಯನ್ನು ಈ ವೇಗದಲ್ಲಿ ನಂಬಲೇಬೇಡಿ.

ಒಳ್ಳೆಯ ಸುದ್ದಿ ಏನೆಂದರೆ ಬೆಲ್ಟ್ ನೆಟ್ಟಗೆ ಓಡುತ್ತದೆ, ವೇಗ ಗೊತ್ತು. ಹಾಗಿದ್ದರೆ ಒಂದೇ ಫ್ರೇಮ್‌ನಿಂದ ಬಾಲ ಕತ್ತರಿಸಬಹುದು. ಮೊದಲು ನಿಮ್ಮ ಕ್ಯಾಮೆರಾದ ಟೈಮ್ ಕಾನ್ಸ್ಟಂಟ್ ಅಳೆಯಿರಿ. ಒಂಟಿ ತುಂಡಿನ ಹಿಂದಿನ ಬಾಲದ ಮೇಲೆ ಗೆರೆ ಎಳೆದು ಕಚ್ಚಾ ಬೆಲೆ ಓದಿ, ಖಾಲಿ ರಟ್ಟಿನ ಬೆಲೆ ಕಳೆಯಿರಿ. ತುಂಡು ಮುಗಿದ ಜಾಗದಿಂದ 37%ಗೆ ಇಳಿಯುವ ಜಾಗದವರೆಗೆ ಎಷ್ಟು ಪಿಕ್ಸೆಲ್ ಅಂತ ಎಣಿಸಿ. ನಿಮ್ಮಲ್ಲಿ 1 ಪಿಕ್ಸೆಲ್ 1 ಮಿ.ಮೀ., ಹಾಗಾಗಿ 1.5ರಿಂದ ಭಾಗಿಸಿದರೆ ನೇರ ಮಿಲಿಸೆಕೆಂಡ್.

ಆಮೇಲೆ ಪ್ರತಿ ಪಿಕ್ಸೆಲ್‌ಗೂ ಹೀಗೆ ಮಾಡಿ. ಬೆಲ್ಟ್ ಹೋಗುವ ದಿಕ್ಕಿನಲ್ಲಿ ಅದರ ಮುಂದಿರುವ ಪಿಕ್ಸೆಲ್‌ನ ಬೆಲೆಯನ್ನು ಇದರ ಬೆಲೆಯಿಂದ ಕಳೆಯಿರಿ. ಬಂದ ವ್ಯತ್ಯಾಸವನ್ನು ಬಾಲದ ಉದ್ದದಿಂದ, ಅಂದರೆ 18ರಿಂದ, ಗುಣಿಸಿ. ಅದನ್ನು ಇದೇ ಪಿಕ್ಸೆಲ್‌ನ ಬೆಲೆಗೆ ಕೂಡಿಸಿ. ಬಾಲದಲ್ಲಿ ವ್ಯತ್ಯಾಸ ಮೈನಸ್ ಬರುತ್ತದೆ, ಬಾಲ ಇಳಿಯುತ್ತದೆ. ತುಂಡಿನೊಳಗೆ ಪ್ಲಸ್ ಬರುತ್ತದೆ, ನಿಜವಾದ ಎತ್ತರಕ್ಕೆ ಏರುತ್ತದೆ. ಇದನ್ನು ಡಿಗ್ರಿಯಲ್ಲಿ ಮಾಡಬೇಡಿ, ಕಚ್ಚಾ ಎಣಿಕೆಯಲ್ಲೇ ಮಾಡಿ. ಪಿಕ್ಸೆಲ್ ಸ್ಪಂದಿಸುವುದು ವಿಕಿರಣಕ್ಕೆ, ಡಿಗ್ರಿಗೆ ಬದಲಿಸುವುದು ಕೊನೆಯ ಹೆಜ್ಜೆ.

ಇದಕ್ಕೆ ಬೆಲೆ ನಾಯ್ಸ್. ಸುಮಾರು 26 ಪಟ್ಟು ಹೆಚ್ಚುತ್ತದೆ. ಕ್ಯಾಮೆರಾ ನಾಯ್ಸ್ 0.06 ಡಿಗ್ರಿ ಇದ್ದರೆ 1.5 ಡಿಗ್ರಿ ಚಿಲ್ಲರೆ ಆಗುತ್ತದೆ. ರಟ್ಟಿಗೂ ಅಂಟಿಗೂ ಹತ್ತಾರು ಡಿಗ್ರಿ ವ್ಯತ್ಯಾಸ ಇರುವಾಗ ತೊಂದರೆ ಇಲ್ಲ. ಬೇಕಿದ್ದರೆ ಅಂಟಿನ ಅಗಲದಲ್ಲಿ ನಾಲ್ಕು ಸಾಲು ಸರಾಸರಿ ಮಾಡಿ, ಅರ್ಧಕ್ಕೆ ಇಳಿಯುತ್ತದೆ.

ಇನ್ನೊಂದು, ಬೆಲ್ಟ್ ಚಿತ್ರದಲ್ಲಿ ಅಡ್ಡಕ್ಕೆ ಓಡುವ ಹಾಗೆ ಕ್ಯಾಮೆರಾ ಕೂರಿಸಿ. ಬೋಲೋಮೀಟರ್ ಸಾಲು ಸಾಲಾಗಿ ಓದುತ್ತದೆ. ಅಡ್ಡ ಓಡಿದರೆ ಚಿತ್ರ ಸ್ವಲ್ಪ ವಾಲುತ್ತದೆ, ಆದರೆ ಒಂದು ಸಾಲಿನೊಳಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಕ್ಷಣದ್ದು. ಮೇಲೆ ಕೆಳಗೆ ಓಡಿದರೆ ತುಂಡಿನ ಉದ್ದವೇ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಕೆಂಪಿನಾಚೆ:
ಇಷ್ಟೆಲ್ಲ ಕಷ್ಟ ಯಾಕೆ, ಕೂಲ್ಡ್ ಕ್ಯಾಮೆರಾ ಹಾಕಿದರೆ ಮುಗೀತಲ್ಲ?

ಬಿಸಿಪಿಕ್ಸೆಲ್:
ಚಿತ್ರ ಅಂತೂ ಚೆನ್ನಾಗಿ ಬರುತ್ತದೆ. ಅಂಥ ಕ್ಯಾಮೆರಾಗಳಲ್ಲಿರುವ ಇಂಡಿಯಂ ಆಂಟಿಮೊನೈಡ್ ಡಿಟೆಕ್ಟರ್ ಬಿಸಿಯಾಗಿ ಅಳೆಯೋದಿಲ್ಲ, ಫೋಟಾನ್ ಎಣಿಸುತ್ತದೆ. ಎಲ್ಲ ಪಿಕ್ಸೆಲ್ಲೂ ಒಟ್ಟಿಗೆ ತೆರೆದು ಮುಚ್ಚುತ್ತವೆ. ಇಂಟಿಗ್ರೇಷನ್ ಟೈಮ್, ಅಂದರೆ ತೆರೆದಿರುವ ಸಮಯ, 1 ಮಿಲಿಸೆಕೆಂಡ್ ಇಟ್ಟರೆ ಬ್ಲರ್ 1.5 ಮಿ.ಮೀ., ಬಿಸಿ ಅಂಟಿಗೆ ಇನ್ನೂ ಕಮ್ಮಿ ಸಾಕು. ಆದರೆ ಡಿಟೆಕ್ಟರನ್ನು ಸುಮಾರು 77 ಕೆಲ್ವಿನ್‌ನಲ್ಲಿ (ಮೈನಸ್ 196 ಡಿಗ್ರಿ ಸೆಲ್ಸಿಯಸ್) ಇಡಬೇಕು, ಅದಕ್ಕೆ ಸ್ಟರ್ಲಿಂಗ್ ಕೂಲರ್ ಸದಾ ಓಡುತ್ತಿರಬೇಕು. ಮೂರು ಶಿಫ್ಟ್ ಲೈನ್ ಅಂದರೆ ವರ್ಷಕ್ಕೆ 8,760 ಗಂಟೆ. ಕೂಲರ್‌ಗೂ ಆಯಸ್ಸು ಅಂತ ಇರುತ್ತದಲ್ಲ. ಲ್ಯಾಬ್‌ನಲ್ಲಿ ಪರೀಕ್ಷೆಗೆ ಸರಿ, ಅಂಟು ಎಣಿಸೋಕೆ ನಾನಂತೂ ಹಾಕಲ್ಲ. ಅದಕ್ಕಿಂತ, ಅಂಟು ಬೀಳುವ ಗೆರೆ ಒಂದೇ ಆಗಿದ್ದರೆ ಒಂದೇ ಬಿಂದು ನೋಡುವ ವೇಗದ ಇನ್‌ಫ್ರಾರೆಡ್ ಸೆನ್ಸರ್ ಸಾಕು. ಬೆಲ್ಟ್ ಓಡುವುದೇ ಸ್ಕ್ಯಾನ್.

ತಿರುಗುಚಕ್ರ:
ನನ್ನದು ತಿರುಗುವ ಡಿಸ್ಕ್. ಅದಕ್ಕೂ ಈ ಲೆಕ್ಕ ನಡೆಯುತ್ತಾ?

ಬಿಸಿಪಿಕ್ಸೆಲ್:
ತ್ರಿಜ್ಯದ ಜೊತೆ ವೇಗ ಬದಲಾಗುತ್ತದೆ, ಹಾಗಾಗಿ ದುಂಡನೆಯ ಚಿತ್ರವನ್ನು ಮೊದಲು ಕೋನದ ಲೆಕ್ಕದಲ್ಲಿ ನೇರ ಪಟ್ಟಿಯಾಗಿ ಬಿಡಿಸಿ. ಒಂದು ಟೈಮ್ ಕಾನ್ಸ್ಟಂಟ್‌ನಲ್ಲಿ ಡಿಸ್ಕ್ ಕಾಲು ಸುತ್ತು ತಿರುಗಿದರೆ ಲೆಕ್ಕದಿಂದ ಏನೂ ಬರೋದಿಲ್ಲ. ಡಿಸ್ಕ್ ಜೊತೆ ಚಿತ್ರವನ್ನೇ ತಿರುಗಿಸಿ ನಿಲ್ಲಿಸುವ ಡಿರೋಟೇಟರ್ ಬೇಕು. ಹೊಸ ಥ್ರೆಡ್ ತೆರೆಯಿರಿ, ಅಲ್ಲಿ ಮಾತಾಡೋಣ.

ಪ್ಯಾಕಿಂಗ್‌ಲೈನ್:
ಬಾಲ 16 ಪಿಕ್ಸೆಲ್ ಬಂತು, ಅಂದರೆ ಸುಮಾರು 10.7 ಮಿಲಿಸೆಕೆಂಡ್. ಲೆಕ್ಕ ಹಾಕಿಸಿದೆ, 10 ಮಿ.ಮೀ. ತುಂಡು ಈಗ ಪಕ್ಕದ ಪೂರ್ತಿ ತುಂಡಿನಷ್ಟೇ ಬಿಸಿ ಕಾಣುತ್ತದೆ. ಒಂದು ವಿಚಿತ್ರ ಮಾತ್ರ ಉಳಿದಿದೆ. ಲೈನ್ ಶುರುವಾದ ಮೊದಲ ಕೆಲವು ಪೆಟ್ಟಿಗೆಗಳಲ್ಲಿ ಅಂಟಿನ ಹಿಂದೆ ಕಡು ಕಪ್ಪು ಪಟ್ಟಿ ಬರುತ್ತದೆ, ರಟ್ಟಿಗಿಂತಲೂ ತಣ್ಣಗೆ. ಆಮೇಲೆ ತಾನಾಗೇ ಹೋಗುತ್ತದೆ.

ಬಿಸಿಪಿಕ್ಸೆಲ್:
ಶುರುವಿನಲ್ಲಿ ಬೆಲ್ಟ್ ಇನ್ನೂ ವೇಗ ಹಿಡಿದಿರೋದಿಲ್ಲ, ಬಾಲ ಚಿಕ್ಕದಿರುತ್ತದೆ. ನೀವು 16 ಅಂತ ಗಟ್ಟಿಯಾಗಿ ಇಟ್ಟಿದ್ದೀರಿ, ಇಲ್ಲದ ಬಾಲವನ್ನೂ ಕತ್ತರಿಸುತ್ತಿದೆ. ಬೆಲ್ಟ್ ಎಷ್ಟು ಓಡಿತು ಅಂತ ಅಳೆಯುವ ಎನ್‌ಕೋಡರ್‌ನಿಂದ ವೇಗ ತೊಗೊಂಡು ಪ್ರತಿ ಫ್ರೇಮ್‌ಗೂ ಆ ಸಂಖ್ಯೆ ಬದಲಿಸಿ. ಪೂರ್ತಿ ವೇಗದಲ್ಲೂ ಕಪ್ಪು ಪಟ್ಟಿ ಸ್ವಲ್ಪ ಉಳಿದರೆ 10.7 ಅನ್ನೋದು ಜಾಸ್ತಿಯಾಯಿತು ಅಂತ ಅರ್ಥ, ಪಟ್ಟಿ ಮಾಯವಾಗುವ ತನಕ ಇಳಿಸಿ. ಬಾಲ ಮತ್ತೆ ಕಾಣಿಸಿದರೆ ಸ್ವಲ್ಪ ಏರಿಸಿ.

ಪ್ಯಾಕಿಂಗ್‌ಲೈನ್:
ಎನ್‌ಕೋಡರ್ ನಾಜಲ್ ಟೈಮಿಂಗ್‌ಗೆ ಅಂತ ಆಗಲೇ ಇದೆ. ಅದರ ಪಲ್ಸ್ ಇಲ್ಲಿಗೂ ಎಳೆದುಕೊಳ್ಳುತ್ತೇನೆ.