ಹಳೆಯ ಟಾಟಾ 407: ಬ್ರೇಕ್ ಮತ್ತು ಹಬ್ ಭಾಗಗಳನ್ನು ಮನೆಯ ಶೆಡ್ಡಿನಲ್ಲೇ ತೊಳೆಯುವುದು ಹೇಗೆ?

ಕೆಂಗೇರಿ407:
ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಕಲಾಸಿಪಾಳ್ಯದ ಮಾರುಕಟ್ಟೆಗೆ ತರಕಾರಿ ಸಾಗಿಸಲು ಇಟ್ಟುಕೊಂಡಿದ್ದ ಟಾಟಾ 407 ಗಾಡಿ ಕೆಲವು ವರ್ಷಗಳಿಂದ ಕೆಂಗೇರಿಯ ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತೇ ಇದೆ. ಎಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಬ್ರೇಕ್ ಪೆಡಲ್ ಒತ್ತಿದರೆ ತಳದವರೆಗೂ ಇಳಿಯುತ್ತದೆ, ಮುಂದಿನ ಎಡಚಕ್ರ ತಿರುಗುವಾಗ ಗರಗರ ಸದ್ದು ಬರುತ್ತದೆ. ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆಗೆ) ಒಯ್ಯುವ ಮೊದಲು ಚಕ್ರಗಳನ್ನೆಲ್ಲ ಬಿಚ್ಚಿ, ಡ್ರಮ್, ಹಬ್, ಬೇರಿಂಗ್, ವೀಲ್ ಸಿಲಿಂಡರ್ (ಚಕ್ರದೊಳಗೆ ಬ್ರೇಕ್ ಶೂಗಳನ್ನು ತಳ್ಳುವ ಭಾಗ) ಇವುಗಳನ್ನು ನಾನೇ ತೊಳೆದು ನೋಡಬೇಕೆಂದಿದ್ದೇನೆ. ವಿಚಾರಿಸಿದ ಗ್ಯಾರೇಜಿನವರು ಏನನ್ನೂ ಬಿಚ್ಚದೆಯೇ ಎಲ್ಲವನ್ನೂ ಹೊಸದಾಗಿ ಹಾಕಬೇಕೆಂದರು, ಅದು ಮನಸ್ಸಿಗೆ ಒಪ್ಪಲಿಲ್ಲ. ಭಾಗಗಳ ಮೇಲೆ ಗಟ್ಟಿಯಾದ ಗ್ರೀಸ್, ಮಣ್ಣು, ತುಕ್ಕು ಮೂರೂ ಸೇರಿ ಒಂದೇ ಪದರವಾಗಿ ಕೂತಿವೆ. ಯಾವುದನ್ನು ಯಾವ ದ್ರವದಲ್ಲಿ ತೊಳೆಯಬೇಕು, ಯಾವ ಕೆಲಸವನ್ನು ಮನೆಯಲ್ಲಿ ಮಾಡಬಾರದು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ. ಪಡಿತರದ ಸೀಮೆಎಣ್ಣೆ ಈಗ ಸಿಗುವುದಿಲ್ಲವಾದ್ದರಿಂದ ಪೆಟ್ರೋಲ್ ಬಳಸಬಹುದೇ ಎಂಬುದೂ ನನ್ನ ಪ್ರಶ್ನೆ.

ಯಶವಂತಪುರ_ಲಾರಿ:
ಪೆಟ್ರೋಲ್ ಬೇಡ, ಡೀಸೆಲ್ ಸಾಕು. ಅಗಲವಾದ ತಗಡಿನ ಟ್ರೇಯಲ್ಲಿ ಡೀಸೆಲ್ ಹಾಕಿ, ಭಾಗಗಳನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಳೆಯ ಪೇಂಟ್ ಬ್ರಷ್‌ನಿಂದ ಉಜ್ಜಿದರೆ ಗ್ರೀಸ್ ತಾನಾಗಿಯೇ ಬಿಡುತ್ತದೆ. ಅಷ್ಟಕ್ಕೂ ಬಿಡದಿದ್ದರೆ ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಮಾಡುವಂತೆ ಅರ್ಧ ಬ್ಯಾರೆಲ್ಲಿನಲ್ಲಿ ಕಾಸ್ಟಿಕ್ ಸೋಡಾ ನೀರು ಕಾಯಿಸಿ ಎಲ್ಲವನ್ನೂ ಅದರಲ್ಲಿ ಮುಳುಗಿಸಿ. ಬಣ್ಣ, ಗ್ರೀಸ್, ಮಸಿ ಯಾವುದೂ ಉಳಿಯುವುದಿಲ್ಲ.

ಪೀಣ್ಯ_ಲೇತ್:
ಮೇಲಿನ ಉತ್ತರದ ಮೊದಲ ಭಾಗವನ್ನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ‘ಎಲ್ಲವನ್ನೂ ಅದರಲ್ಲಿ ಮುಳುಗಿಸಿ’ ಎಂಬ ಮಾತಿನಿಂದಲೇ ಒಳ್ಳೆಯ ಭಾಗಗಳು ಗುಜರಿಗೆ ಹೋಗುತ್ತವೆ. ಕಾಸ್ಟಿಕ್ ಸೋಡಾ ಕಬ್ಬಿಣವನ್ನು ಏನೂ ಮಾಡುವುದಿಲ್ಲ, ಆದರೆ ಅಲ್ಯೂಮಿನಿಯಂ ಅದರಲ್ಲಿ ಕರಗುತ್ತದೆ. ಕರಗುವಾಗ ನೊರೆಯುಕ್ಕಿ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲ ಹೊರಬರುತ್ತದೆ. ಆದ್ದರಿಂದ ಮೊದಲು ಒಂದು ಅಯಸ್ಕಾಂತವನ್ನು ಕೈಯಲ್ಲಿಟ್ಟುಕೊಂಡು ಪ್ರತಿಯೊಂದು ಭಾಗಕ್ಕೂ ಮುಟ್ಟಿಸಿ ನೋಡಿ. ಅಂಟಿದ್ದು ಕಬ್ಬಿಣ ಅಥವಾ ಉಕ್ಕು, ಅದನ್ನು ಒಂದು ಕಡೆ ಇಡಿ. ಅಂಟದ ಕವರ್, ಪಿಸ್ಟನ್, ಹೌಸಿಂಗ್ ಮುಂತಾದವನ್ನು ಬೇರೆ ಇಟ್ಟು ಡೀಸೆಲ್ ಮತ್ತು ಸಾಬೂನು ನೀರಿನಲ್ಲಿ ಮಾತ್ರ ತೊಳೆಯಿರಿ. ಮನೆಯ ಶೆಡ್ಡಿನಲ್ಲಿ ಕಾಯಿಸಿದ ಕಾಸ್ಟಿಕ್ ಬೇಕಾಗಿಯೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅದರ ಒಂದು ಹನಿ ಕಣ್ಣಿಗೆ ಹಾರಿದರೂ ದೃಷ್ಟಿಗೆ ಕುತ್ತು.

ಪೆಟ್ರೋಲಿನ ವಿಷಯವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ಅದರ ಆವಿ ಗಾಳಿಗಿಂತ ಭಾರ, ಮೇಲಕ್ಕೆ ಹೋಗದೆ ನೆಲದಲ್ಲೇ ಹರಿದು ಮೂಲೆ ಸೇರುತ್ತದೆ. ಶೆಡ್ಡಿಗೆ ಹೊಂದಿಕೊಂಡು ಗ್ಯಾಸ್ ಗೀಸರ್ ಇದ್ದರೆ, ಅಥವಾ ಅಲ್ಲೇ ಯುಪಿಎಸ್ ಇಟ್ಟಿದ್ದರೆ, ಅಲ್ಲಿಂದ ಒಂದು ಕಿಡಿ ಬಂದರೂ ಸಾಕು.

ತುಕ್ಕಿಗೆ ಬೇರೆಯದೇ ವಿಧಾನವಿದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರಿಗೆ ಸುಮಾರು 150 ಗ್ರಾಂ ವಾಷಿಂಗ್ ಸೋಡಾ ಕರಗಿಸಿ, ಗ್ರೀಸ್ ತೊಳೆದ ಭಾಗವನ್ನು ತಂತಿಯಲ್ಲಿ ಇಳಿಬಿಟ್ಟು 12 ವೋಲ್ಟ್ ಬ್ಯಾಟರಿ ಚಾರ್ಜರಿನ ನೆಗೆಟಿವ್‌ಗೆ ಸಿಕ್ಕಿಸಿ, ಗುಜರಿಯ ಸಾದಾ ಕಬ್ಬಿಣದ ತಗಡೊಂದನ್ನು ಪಾಸಿಟಿವ್‌ಗೆ ಸಿಕ್ಕಿಸಿ. ಎರಡೂ ಒಂದಕ್ಕೊಂದು ತಾಗಬಾರದು. ಕೆಲವು ಗಂಟೆಗಳಲ್ಲಿ ಕೆಂಪು ತುಕ್ಕು ಸಡಿಲವಾಗಿ ಕಪ್ಪು ಮಸಿಯಂತಾಗುತ್ತದೆ, ಬ್ರಷ್‌ಗೆ ಸಲೀಸಾಗಿ ಬರುತ್ತದೆ. ಈಗಿನ ಆಟೋಮ್ಯಾಟಿಕ್ ಚಾರ್ಜರುಗಳಲ್ಲಿ ಬಹಳಷ್ಟು ಬ್ಯಾಟರಿ ಕಾಣದಿದ್ದರೆ ಕರೆಂಟನ್ನೇ ಕೊಡುವುದಿಲ್ಲ, ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯದು ಬೇಕು. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ, ಚಮಚ ಎಂದೂ ಹಾಕಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಸೋಡಾದ ಬದಲು ಅಡುಗೆ ಉಪ್ಪನ್ನೂ ಹಾಕಬೇಡಿ, ಕ್ಲೋರಿನ್ ಹೊರಡುತ್ತದೆ. ಇದರಲ್ಲೂ ಹೈಡ್ರೋಜನ್ ಏಳುವುದರಿಂದ ಬಕೆಟ್ ಬಯಲಿನಲ್ಲಿರಲಿ, ಹತ್ತಿರ ಬೀಡಿ ಹಚ್ಚುವವರಿರಬಾರದು, ಕೈ ಹಾಕುವ ಮೊದಲು ಪ್ಲಗ್ ತೆಗೆಯಬೇಕು.

ಡ್ರಮ್, ಹಬ್, ಬ್ಯಾಕ್ ಪ್ಲೇಟ್ ಇವುಗಳಿಗೆ ಈ ವಿಧಾನ ಸರಿ. ಸ್ಪ್ರಿಂಗ್ ಪಟ್ಟೆ, ರಿಟರ್ನ್ ಸ್ಪ್ರಿಂಗ್, ವೀಲ್ ಬೋಲ್ಟ್‌ಗಳಿಗೆ ಬೇಡ. ಹದ ಮಾಡಿದ ಗಟ್ಟಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಅದು ಮೆದುವಾಗದೆ ಬಿರುಸಾಗಿ, ಮುಂದೊಂದು ದಿನ ಭಾರ ಬಿದ್ದಾಗ ಸೂಚನೆಯಿಲ್ಲದೆ ತುಂಡಾಗಬಹುದು. ಅವಕ್ಕೆ ವೈರ್ ಬ್ರಷ್ ಮತ್ತು ತಾಳ್ಮೆಯೇ ಗತಿ. ಇನ್ನೊಂದು ಮಾತು: ತೊಳೆದ ಕಬ್ಬಿಣ ನಿಮ್ಮ ಕಣ್ಣೆದುರೇ ಮತ್ತೆ ಕೆಂಪಾಗತೊಡಗುತ್ತದೆ, ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಕೊನೆಯ ಜಾಲಾಡಿಕೆಗೆ ಬಿಸಿನೀರು ಬಳಸಿ, ಒಣಗಿದ ಕೂಡಲೇ ಎಣ್ಣೆ ಸವರಿ. ಡ್ರಮ್ಮಿನ ಒಳಮೈಗೆ ಸವರಿದ್ದನ್ನು ಕೂಡಿಸುವ ಮೊದಲು ಬ್ರೇಕ್ ಕ್ಲೀನರಿನಿಂದ ಪೂರ್ತಿ ಒರೆಸಬೇಕು.

ಗಿರಿನಗರ_ಬ್ರೇಕ್:
ನಾನು ವೀಲ್ ಸಿಲಿಂಡರ್ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ಡೀಸೆಲ್ ಸಲಹೆಯನ್ನು ಓದಿದವರು ಅದನ್ನೂ ಅದೇ ಟ್ರೇಗೆ ಹಾಕುವುದು ಖಂಡಿತ. ಬ್ರೇಕಿನ ರಬ್ಬರುಗಳು ಬ್ರೇಕ್ ಆಯಿಲ್‌ಗೆಂದೇ ತಯಾರಾದವು. ಡೀಸೆಲ್, ಸೀಮೆಎಣ್ಣೆ, ಎಂಜಿನ್ ಆಯಿಲ್, ಗ್ರೀಸ್ ಇವುಗಳಲ್ಲಿ ಯಾವುದು ತಗುಲಿದರೂ ಅವು ಉಬ್ಬಿ ಒಳಗೇ ಸಿಕ್ಕಿಕೊಳ್ಳುತ್ತವೆ; ಬಳಿಕ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ, ಇಲ್ಲವೇ ಸೋರುತ್ತದೆ. ಸಿಲಿಂಡರನ್ನು ಬ್ರೇಕ್ ಕ್ಲೀನರ್ ಅಥವಾ ಹೊಸ ಬ್ರೇಕ್ ಆಯಿಲ್‌ನಿಂದಲೇ ತೊಳೆದು, ಒಳಗೋಡೆಯ ಮೇಲೆ ಬೆರಳಿನ ಉಗುರನ್ನು ನಿಧಾನವಾಗಿ ಎಳೆದು ನೋಡಿ. ಉಗುರು ಎಲ್ಲಿಯೂ ತಡೆಯದೆ ಜಾರಿದರೆ ಹೊಸ ರಬ್ಬರ್ ಕಿಟ್ ಹಾಕಿ ಮುಂದುವರಿಯಬಹುದು. ಗುಂಡಿಗೆ ಸಿಕ್ಕಿಕೊಂಡರೆ ಸಿಲಿಂಡರನ್ನೇ ಬದಲಾಯಿಸಿ, ಉಪ್ಪುಕಾಗದ ಹಾಕಿ ಉಜ್ಜುವ ಸಾಹಸ ಬೇಡ. ಕಲಾಸಿಪಾಳ್ಯ ಮತ್ತು ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವಾಗ ಹಳೆಯ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಬಾಯಿಮಾತಿನಲ್ಲಿ ಅಳತೆ ಹೇಳಿದರೆ ಎರಡು ಸಲ ಓಡಾಡಬೇಕಾಗುತ್ತದೆ.

ಡ್ರಮ್ ಬಿಚ್ಚಿದಾಗ ಒಳಗಿರುವ ಬೂದು ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಡ್ರಮ್ಮಿಗೆ ಉಜ್ಜುವ ಹಳೆಯ ಬ್ರೇಕ್ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆಯಿದೆ, ಅದರ ಎಳೆಗಳು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತವೆ. ಸಾಬೂನು ನೀರು ಚಿಮುಕಿಸಿ, ಒದ್ದೆಯಾದ ಮೇಲೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಡಿ. ಎಣ್ಣೆ ಕುಡಿದ ಲೈನರನ್ನು ಬೆಂಕಿಯಲ್ಲಿ ಸುಟ್ಟು ಮತ್ತೆ ಹಾಕುವ ಪದ್ಧತಿ ಕೆಲವೆಡೆ ಇದೆ, ದಯವಿಟ್ಟು ಅದನ್ನು ಅನುಸರಿಸಬೇಡಿ.

ಕೆಂಗೇರಿ407:
ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದಗಳು. ಅಯಸ್ಕಾಂತದ ಪರೀಕ್ಷೆ ನನಗೆ ಹೊಳೆದೇ ಇರಲಿಲ್ಲ. ಎರಡು ಸಂದೇಹಗಳು ಉಳಿದಿವೆ. ಎಡಚಕ್ರದ ಬೇರಿಂಗ್ ತೊಳೆದ ಮೇಲೆ ಅದು ಚೆನ್ನಾಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕೊಳೆಯಾದ ಡೀಸೆಲನ್ನು ಏನು ಮಾಡಬೇಕು? ಗಾಡಿಯನ್ನು ಎತ್ತಿ ನಿಲ್ಲಿಸಲು ಮನೆ ಕಟ್ಟಿದಾಗ ಉಳಿದ ಸಾಲಿಡ್ ಬ್ಲಾಕ್‌ಗಳಿವೆ, ಅವು ಸಾಕೆಂದುಕೊಂಡಿದ್ದೇನೆ.

ಪೀಣ್ಯ_ಲೇತ್:
ಬ್ಲಾಕ್ ಖಂಡಿತ ಬೇಡ. ಗೋಡೆಯಲ್ಲಿ ಹರಡಿದ ಭಾರವನ್ನು ಹೊರುವ ಬ್ಲಾಕು ಆಕ್ಸಲ್ಲಿನಂತಹ ಒಂದೇ ಬಿಂದುವಿನ ಭಾರಕ್ಕೆ ಒಮ್ಮೆಲೇ ಸೀಳಿ ಪುಡಿಯಾಗುತ್ತದೆ. ಗಾಡಿಯ ತೂಕಕ್ಕೆ ತಕ್ಕ ಉಕ್ಕಿನ ಸ್ಟ್ಯಾಂಡುಗಳನ್ನು ತನ್ನಿ, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ, ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ.

ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು ಬಟ್ಟೆಯ ಮೇಲೆ ಆರಲು ಬಿಡಿ. ಕಂಪ್ರೆಸರ್ ಗಾಳಿಯಿಂದ ಗಿರಗಿರ ತಿರುಗಿಸುವುದು ನೋಡಲು ಚೆಂದ, ಆದರೆ ಗ್ರೀಸ್ ಇಲ್ಲದೆ ಹಾಗೆ ತಿರುಗಿದರೆ ರೋಲರುಗಳು ಗೀರಿಕೊಳ್ಳುತ್ತವೆ, ಕೆಲವೊಮ್ಮೆ ಕಳಚಿ ಮುಖಕ್ಕೆ ಹಾರುತ್ತವೆ. ಹಗಲು ಬೆಳಕಿನಲ್ಲಿ ಒಂದೊಂದೇ ರೋಲರನ್ನು ನೋಡಿ. ನೀಲಿ ಛಾಯೆ ಕಂಡರೆ ಅದು ಕಾದು ಹದ ಕಳೆದುಕೊಂಡಿದೆ ಎಂದರ್ಥ. ಸೂಜಿಮೊನೆಯಷ್ಟು ಗುಂಡಿಗಳು, ಚಕ್ಕೆ ಎದ್ದ ಗುರುತು ಇದ್ದರೂ ಉಪಯೋಗವಿಲ್ಲ. ಬದಲಿಸುವಾಗ ಹಬ್‌ನೊಳಗೆ ಕೂತಿರುವ ಹೊರಗಿನ ಉಕ್ಕಿನ ಬಳೆಯನ್ನೂ (ಕಪ್) ಸೇರಿಸಿಯೇ ಬದಲಿಸಬೇಕು. ಹಳೆಯ ಗ್ರೀಸಿನ ಮೇಲೆ ಹೊಸ ಜಾತಿಯ ಗ್ರೀಸ್ ತುಂಬಿದರೆ ಎರಡೂ ಬೆರೆತು ನೀರಾಗುವುದುಂಟು, ಆದ್ದರಿಂದ ಹಬ್‌ನ ಒಳಗನ್ನೂ ಪೂರ್ತಿ ಬಳಿದು ತೆಗೆಯಿರಿ.

ಕೊಳೆ ಡೀಸೆಲನ್ನು ಕ್ಯಾನಿನಲ್ಲಿ ಅಲುಗಾಡಿಸದೆ ಇಟ್ಟರೆ ಮಣ್ಣು ತಳಕ್ಕಿಳಿಯುತ್ತದೆ, ಮೇಲಿನದನ್ನು ಬಸಿದು ಮುಂದಿನ ಸಲ ತೊಳೆಯಲು ಬಳಸಬಹುದು. ಉಳಿದ ಗಸಿಯನ್ನು ಮೋರಿಗೆ ಮಾತ್ರ ಸುರಿಯಬೇಡಿ. ನಿಮ್ಮ ಕೆಂಗೇರಿಯ ಮೋರಿ ವೃಷಭಾವತಿ ನದಿಗೆ, ವೃಷಭಾವತಿ ಬೈರಮಂಗಲದ ಕೆರೆಗೆ ಸೇರುತ್ತದೆ, ಆ ನೀರಿನಲ್ಲಿ ರೈತರು ಬೆಳೆ ತೆಗೆಯುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ದೊಡ್ಡ ಸರ್ವಿಸ್ ಸ್ಟೇಷನ್‌ಗಳು ಅದನ್ನು ಬ್ಯಾರೆಲ್ಲಿನಲ್ಲಿ ಕೂಡಿಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಪಡೆದವರಿಗೆ ಕೊಡುತ್ತವೆ. ಪರಿಚಯದವರೊಬ್ಬರನ್ನು ಕೇಳಿದರೆ ನಿಮ್ಮ ಕ್ಯಾನನ್ನೂ ಸೇರಿಸಿಕೊಳ್ಳುತ್ತಾರೆ.

ಗಿರಿನಗರ_ಬ್ರೇಕ್:
ಎಲ್ಲ ಕೂಡಿಸಿದ ಮೇಲೆ ಏರ್ ತೆಗೆಯಲು (ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿಯನ್ನು ಹೊರಹಾಕಲು) ಮೊಹರು ಒಡೆಯದ ಹೊಸ ಬ್ರೇಕ್ ಆಯಿಲ್ ಡಬ್ಬಿಯನ್ನೇ ಬಳಸಿ, ತೆರೆದಿಟ್ಟದ್ದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ, ಆ ಸಿಲಿಂಡರಿಗೆ ಆಯಿಲ್ ಕೊಡುವ ಗಾಡಿಯ ಡಬ್ಬಿಯಲ್ಲಿ ಆಯಿಲ್ ತಳ ಮುಟ್ಟದಂತೆ ಒಬ್ಬರನ್ನು ಅಲ್ಲೇ ನಿಲ್ಲಿಸಿಕೊಳ್ಳಿ. ಅಷ್ಟಾದ ಮೇಲೂ ಪೆಡಲ್ ಮೆಲ್ಲಗೆ ಇಳಿಯುತ್ತಲೇ ಇದ್ದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದರೆ, ದೋಷ ಮಾಸ್ಟರ್ ಸಿಲಿಂಡರಿನಲ್ಲಿದೆ. ಆ ಕೆಲಸವನ್ನು ಬ್ರೇಕ್ ಮೇಸ್ತ್ರಿಗೇ ಕೊಡಿ.